ಅಕ್ಕ ನನ್ನ ಕೆನ್ನೆಗೆ ಹೊಡೆದ ದಿನ

ಆಪರೇಷನ್ ಆದ ಐದನೆಯ ದಿನ ನಾನು ಒಬ್ಬ ನರ್ಸಿನ ಕೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಗಂಡನ ಎದೆಗೆ ಒದ್ದೆ. ಪಕ್ಕದ ಹಾಸಿಗೆಯಲ್ಲಿದ್ದ ಅಜ್ಜಿಯ ಕಡೆಗೆ ಸ್ಟೀಲ್ ಫ್ಲಾಸ್ಕು ಎಸೆದೆ. ಅದು ಅವರ ತಲೆಯಿಂದ ಒಂದು ಗೇಣು ದೂರದಲ್ಲಿ ಗೋಡೆಗೆ ಬಡಿದು ಬಿಸಿನೀರು ಚೆಲ್ಲಿತು. ಇಷ್ಟು ಸಾಲದು ಎಂಬಂತೆ, ನನ್ನನ್ನು ಸಾಕಿ ಬೆಳೆಸಿದ ಅಕ್ಕನಿಗೆ ಯಾರೂ ಯಾರಿಗೂ ಆಡಬಾರದ ಒಂದು ಮಾತು ಆಡಿದೆ. ಅವಳು ನನ್ನ ಕೆನ್ನೆಗೆ ಹೊಡೆದಳು.

ಅಲ್ಲಿಯವರೆಗೆ ನಾನು ಯಾರ ಮೇಲೂ ಕೈ ಎತ್ತಿದವಳಲ್ಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷದಿಂದ ಕ್ವಾಲಿಟಿ ಚೆಕಿಂಗ್ ಕೆಲಸ ಮಾಡುತ್ತೇನೆ. ಪವರ್ ಪ್ರೆಸ್ಸಿನಿಂದ ಬರುವ ಬಿಡಿಭಾಗಗಳಿಗೆ ಗೇಜು ಹಾಕಿ ನೋಡುವುದು, ಸರಿ ಇದ್ದದ್ದನ್ನು ಹಸಿರು ಕ್ರೇಟಿಗೆ, ಅಳತೆ ತಪ್ಪಿದ್ದನ್ನು ಕೆಂಪು ಕ್ರೇಟಿಗೆ ಹಾಕುವುದು. ಆ ಸದ್ದಿನಲ್ಲಿ ಮಾತಾಡಿದರೂ ಕೇಳಿಸುವುದಿಲ್ಲವಾದ್ದರಿಂದ ನನಗೆ ಮಾತು ಕಡಿಮೆಯೇ. ಮನೆ ಬಾಗಲಗುಂಟೆಯಲ್ಲಿ. ಗಂಡ ಈರಣ್ಣ ವೆಲ್ಡರ್, ಮಗಳು ಒಂಬತ್ತನೆಯ ತರಗತಿ. ನಮ್ಮಿಬ್ಬರದೂ ಕೊಪ್ಪಳದ ಕಡೆಯ ಊರು.

ಹೋದ ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತ ಕೂತಾಗ ಪಕ್ಕದ ಹೆಂಗಸು ತಾನಾಗಿ ಮಾತಿಗಿಳಿದರು. ಅವರ ಯಜಮಾನರು ಜ್ವರ ತಲೆಗೇರಿದಾಗ ಇವರ ಕುತ್ತಿಗೆ ಹಿಚುಕಿದ್ದರಂತೆ. "ಇದನ್ನ ಇವತ್ತಿನವರ್ಗೂ ಯಾರಿಗೂ ಹೇಳಿಲ್ಲ ಅಕ್ಕ. ಏನಂತ ಹೇಳೋದು?" ಅಂದರು. ನಾನು ನನ್ನದನ್ನು ಹೇಳಿದೆ. ಅವರು ನನ್ನ ಕೈ ಹಿಡಿದುಕೊಂಡು ಟೋಕನ್ ಕರೆಯುವವರೆಗೆ ಬಿಡಲಿಲ್ಲ. ಆ ಕೈಗಾಗಿ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಸಾಮಾನ್ಯ ಹೊಟ್ಟೆನೋವಿನಿಂದ. ಎರಡು ದಿನ ಜೀರಿಗೆ ಕಷಾಯ ಕುಡಿದು ಕೆಲಸಕ್ಕೆ ಹೋದೆ. ಮೂರನೆಯ ದಿನ ಗೇಜು ಕೈಯಿಂದ ಜಾರಿ ಬಿತ್ತು; ಅದನ್ನು ಎತ್ತಿಕೊಳ್ಳಲು ಬಗ್ಗಿದವಳು ಮೇಲೇಳಲಿಲ್ಲ. ಕಂಪನಿಯ ವ್ಯಾನಿನಲ್ಲೇ ತುಮಕೂರು ರಸ್ತೆಯ ಪಕ್ಕದ ಒಂದು ಆಸ್ಪತ್ರೆಗೆ ಕರೆದೊಯ್ದರು. ಅಪೆಂಡಿಕ್ಸ್ ಒಡೆದು ಹೊಟ್ಟೆಯೊಳಗೆಲ್ಲ ಕೀವು ಹರಡಿದೆ ಎಂದರು. ಮಗಳನ್ನು ಮನೆ ಓನರ್ ಜಯಮ್ಮನವರ ಹತ್ತಿರ ಬಿಟ್ಟು ಈರಣ್ಣ ಓಡಿಬಂದರು. "ಮಗೀನ ಚಿಂತೆ ಬುಡವ್ವ, ನೀನ್ ಉಸಾರಾಗಿ ಬಾ" ಎಂದು ಜಯಮ್ಮ ಫೋನಿನಲ್ಲಿ ಹೇಳಿದ್ದು ನೆನಪಿದೆ. ಅದೇ ದಿನ ಹೊಟ್ಟೆ ಕೊಯ್ದು, ತೊಳೆದು, ಹೊಲಿದರು.

ಮೂರು ದಿನ ಎಲ್ಲ ಸರಿಯಿತ್ತು. ಗಾಯ ಉರಿಯುತ್ತಿತ್ತು, ಕೆಮ್ಮಿದರೆ ಹೊಲಿಗೆ ಕಿತ್ತುಬರುತ್ತದೇನೋ ಅನ್ನಿಸುತ್ತಿತ್ತು, ಆದರೆ ಅದು ಅರ್ಥವಾಗುವ ನೋವು. ಗಂಜಿ ಕುಡಿದೆ. ಈರಣ್ಣನ ಭುಜ ಹಿಡಿದು ವಾರ್ಡಿನ ಬಾಗಿಲವರೆಗೆ ನಡೆದೆ. ದಿನಕ್ಕೊಂದು ಸೂಜಿಯನ್ನು ಹೊಟ್ಟೆಯ ಚರ್ಮಕ್ಕೆ ಚುಚ್ಚುತ್ತಿದ್ದರು. ರಕ್ತ ಹೆಪ್ಪುಗಟ್ಟದಿರಲಿ ಅಂತ ಎಂದರು.

ನಾಲ್ಕನೆಯ ದಿನ ಬೆಳಿಗ್ಗೆ ಕಾಫಿ ಲೋಟ ತುಟಿಯ ಹತ್ತಿರ ತಂದಾಗ ಬೆನ್ನಿಗೆ ಯಾರೋ ಕಬ್ಬಿಣದ ರಾಡಿನಿಂದ ಹೊಡೆದ ಹಾಗಾಯಿತು. ತಿರುಗಿ ನೋಡಿದೆ. ನಿಜವಾಗಿಯೂ ತಿರುಗಿ ನೋಡಿದೆ, ಯಾರಾದರೂ ಇದ್ದಾರೇನೋ ಎಂದು. ಪಕ್ಕೆಲುಬು ಮುಗಿಯುವ ಜಾಗದಲ್ಲಿ, ಮೊದಲು ಬಲಗಡೆ, ಒಂದು ಗಂಟೆಯ ನಂತರ ಎಡಗಡೆ. ಪ್ರೆಸ್ಸಿನ ಡೈ, ಆ ಉಕ್ಕಿನ ಅಚ್ಚು, ತಗಡಿನ ಮೇಲೆ ಬೀಳುತ್ತದಲ್ಲ, ಬಿದ್ದು, ಎದ್ದು, ಮತ್ತೆ ಬೀಳುತ್ತದಲ್ಲ, ಹಾಗೆ. ಎರಡು ಹೊಡೆತಗಳ ನಡುವೆ ಉಸಿರು ಎಳೆದುಕೊಳ್ಳಲಷ್ಟೇ ಸಮಯ. ಕಾಫಿ ವಾಂತಿಯಾಯಿತು. ವಾಂತಿಗೆ ಹೊಟ್ಟೆ ಕುಗ್ಗಿದಾಗ ಹೊಲಿಗೆ ಹರಿದಂತಾಗಿ ನಾನು ಹಾಸಿಗೆಯ ಕಂಬಿಯನ್ನು ಹಲ್ಲಿನಿಂದ ಕಚ್ಚಿ ಹಿಡಿದೆ.

ಡ್ಯೂಟಿ ಡಾಕ್ಟರು ಬಂದರು. ಚಿಕ್ಕ ವಯಸ್ಸು, ಕಣ್ಣು ಕೆಂಪಗೆ, ನಿದ್ದೆ ಇಲ್ಲದ ಮುಖ.

"ಆಪರೇಷನ್ ಆಗಿದೆ ಅಲ್ವಾ, ನೋವಿರುತ್ತೆ. ಗ್ಯಾಸ್ ತುಂಬ್ಕೊಂಡಿದೆ. ಸ್ವಲ್ಪ ಓಡಾಡಿ" ಅಂದರು.

"ಬೆನ್ನಾಗ್ರಿ ಸಾರ್. ಹೊಟ್ಟೀ ನೋವಲ್ಲ" ಎಂದೆ.

"ಅದೂ ಗ್ಯಾಸೇ. ತಿರುಗಾಡುತ್ತೆ."

ನೋವಿನ ಇಂಜೆಕ್ಷನ್ ಬರೆದು ಹೋದರು. ಸಂಜೆಗೆ ಜ್ವರ ಬಂತು. ಅವರನ್ನು ನಾನು ಈಗ ಬೈಯುವುದಿಲ್ಲ. ನನಗೆ ಆದದ್ದು ಬಹಳ ಅಪರೂಪದ ತೊಂದರೆ, ಸ್ಕ್ಯಾನ್ ಮಾಡದೆ ಯಾರಿಗೂ ಹೊಳೆಯುವಂಥದ್ದಲ್ಲ ಎಂದು ಆಮೇಲೆ ತಿಳಿಯಿತು. ಆದರೆ ಆ ದಿನ ಅವರ ಬೆನ್ನು ವಾರ್ಡಿನ ಬಾಗಿಲು ದಾಟುವುದನ್ನು ನೋಡುತ್ತ, ಫ್ಲಾಸ್ಕು ತೆಗೆದು ಆ ಬೆನ್ನಿಗೆ ಹೊಡೆಯಬೇಕು ಎಂದು ಅನ್ನಿಸಿತು. ಅಂಥ ಯೋಚನೆ ನನಗೆ ಬಂದದ್ದು ಅದೇ ಮೊದಲು. ಮರುದಿನ ಬೆಳಗಾಗುವಷ್ಟರಲ್ಲಿ ಅದು ಯೋಚನೆಯಾಗಿ ಉಳಿದಿರಲಿಲ್ಲ.

ಐದನೆಯ ದಿನದ ಬಗ್ಗೆ ನನಗೆ ನೆನಪಿರುವುದು ಚೂರುಚೂರು. ಉಳಿದದ್ದನ್ನು ಈರಣ್ಣ ಮತ್ತು ನರ್ಸ್ ಶೋಭಾ ಹೇಳಿದ್ದರಿಂದ ಜೋಡಿಸಿಕೊಂಡಿದ್ದೇನೆ. ಬೆಳಿಗ್ಗೆ ಎಂಟು ಗಂಟೆಗೆ ನಾನು ಈರಣ್ಣನಿಗೆ "ಪ್ರೆಸ್ ಆಫ್ ಮಾಡ್ರಿ" ಎಂದೆನಂತೆ. ಅವರು ನಕ್ಕರಂತೆ. ನನಗೆ ನೆನಪಿರುವುದು ಹೀಗೆ: ನಾನು ಪ್ರೆಸ್ಸಿನ ಮೇಜಿನ ಮೇಲೆ ಅಂಗಾತ ಮಲಗಿದ್ದೇನೆ, ಮೇಲಿನಿಂದ ಡೈ ಇಳಿಯುತ್ತಿದೆ, ಸುತ್ತ ನಿಂತವರೆಲ್ಲ ನನ್ನನ್ನು ಒಳಗೆ ತಳ್ಳುತ್ತಿದ್ದಾರೆ. ಶೋಭಾ ಡ್ರಿಪ್ಪಿನ ಸೂಜಿ ಬದಲಿಸಲು ನನ್ನ ಮಣಿಕಟ್ಟು ಹಿಡಿದರು. ನನ್ನನ್ನು ಅಳೆಯುತ್ತಿದ್ದಾರೆ, ಅಳತೆ ತಪ್ಪಿದೆ ಎಂದು ಕೆಂಪು ಕ್ರೇಟಿಗೆ ಎಸೆಯುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಆ ಕೈಗೆ ಬಾಯಿ ಹಾಕಿದೆ. ಹೆಬ್ಬೆರಳಿನ ಬುಡದ ಮಾಂಸ ಹಲ್ಲಿಗೆ ಸಿಕ್ಕಿತು. ಬಿಡಲಿಲ್ಲ. ಬಾಯಲ್ಲಿ ಉಪ್ಪುಪ್ಪಾದದ್ದು ಬಂತು, ಅದು ನನಗೆ ಹಿತವಾಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಹಿತವಾಗಿತ್ತು.

ಈರಣ್ಣ ನನ್ನ ದವಡೆ ಹಿಡಿದು ಬಿಡಿಸಲು ಬಂದರು. ಎರಡೂ ಕಾಲು ಎತ್ತಿ ಅವರ ಎದೆಗೆ ಒದ್ದೆ. ಅವರು ಹಿಂದಕ್ಕೆ ಬಿದ್ದು ಔಷಧಿಯ ತಳ್ಳುಗಾಡಿ ಉರುಳಿತು. ಡ್ರಿಪ್ಪಿನ ನಳಿಕೆ ಕಿತ್ತೆ, ರಕ್ತ ಚಿಮ್ಮಿ ಹಾಸಿಗೆಗೆಲ್ಲ ಆಯಿತು. ಫ್ಲಾಸ್ಕು ಎಸೆದದ್ದು ಆಗಲೇ. ಆಯಾ, ಇಬ್ಬರು ಸೆಕ್ಯುರಿಟಿಯವರು, ಎಲ್ಲ ಸೇರಿ ನನ್ನನ್ನು ಅದುಮಿ, ಬ್ಯಾಂಡೇಜ್ ಬಟ್ಟೆಯಿಂದ ಎರಡೂ ಕೈಗಳನ್ನು ಹಾಸಿಗೆಯ ಕಂಬಿಗೆ ಕಟ್ಟಿದರು. ನಾನು ಜಗ್ಗಿದಷ್ಟೂ ಬಟ್ಟೆ ಬಿಗಿಯಾಗಿ ಚರ್ಮ ಕಿತ್ತಿತು. ಆ ಗುರುತು ಈಗಲೂ ಬಲಗೈಯಲ್ಲಿ ಬಳೆಯ ಕೆಳಗೆ ಇದೆ.

"ಗಾಳಿ ಮೆಟ್ಕೊಂಡಿದೆ, ಆಸ್ಪತ್ರೇಲಿ ಎಷ್ಟು ಜನ ಸತ್ತಿರ್ತಾರೆ" ಎಂದು ಯಾರೋ ಅಂದರು. ಡ್ಯೂಟಿ ಡಾಕ್ಟರು ಬಾಗಿಲಲ್ಲೇ ನಿಂತು ನೋಡಿ, "ಮೆಂಟಲ್ ಹಿಸ್ಟರಿ ಏನಾದ್ರೂ ಇದೆಯಾ? ಮೊದ್ಲೇ ಹೇಳ್ಬೇಕಿತ್ತು" ಎಂದು ಈರಣ್ಣನನ್ನು ಕೇಳಿದರು. ಈರಣ್ಣ ಅವರ ಕಾಲರ್ ಹಿಡಿದು ಗೋಡೆಗೆ ಒತ್ತಿದರು.

"ನಿನ್ನೆ ಗ್ಯಾಸ್ ಅಂದಿ. ಇವತ್ತು ಹುಚ್ಚು ಅಂತಿ. ನಾಳಿಗೆ ಏನಂತಿ?"

ಸೆಕ್ಯುರಿಟಿಯವನ ಮುಷ್ಟಿ ಈರಣ್ಣನ ಬಾಯಿಗೆ ಬಿತ್ತು. ತುಟಿ ಸೀಳಿತು. ಶೋಭಾ, ಕೈಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೂ, ನಡುವೆ ಬಂದು ಇಬ್ಬರನ್ನೂ ತಳ್ಳಿ, "ಹೊರಗಡೆ ಹೋಗಿ, ಎಲ್ರೂ ಹೊರಗಡೆ ಹೋಗಿ. ಇಲ್ಲಿ ಪೇಷಂಟ್ ಇದಾರೆ" ಎಂದು ಅರಚಿದರಂತೆ.

ಹನ್ನೊಂದು ಗಂಟೆಗೆ ದೇವಕ್ಕ ಬಂದಳು.

ದೇವಕ್ಕ ನನ್ನ ಅಕ್ಕ, ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು, ಶಾಲೆಗೆ ಕಳಿಸಿದವಳು ಅವಳೇ. ಕಾಡುಗೋಡಿಯಲ್ಲಿ ಒಂದು ರೂಮಿನಲ್ಲಿ ಇರುತ್ತಾಳೆ, ಕಟ್ಟಡದ ಕೆಲಸ. ಗಂಡ ಬಿಟ್ಟುಹೋಗಿ ಬಹಳ ವರ್ಷವಾಯಿತು. ಅವಳಿಗೆ ಒಬ್ಬಳು ಮಗಳಿದ್ದಳು, ಮಲ್ಲಿ. ನಾಲ್ಕು ವರ್ಷದವಳಿದ್ದಾಗ, ಅಕ್ಕ ಕೆಲಸ ಮಾಡುತ್ತಿದ್ದ ಕಟ್ಟಡದಲ್ಲೇ, ಮುಚ್ಚಳ ಇಲ್ಲದ ನೀರಿನ ಸಂಪಿಗೆ ಬಿದ್ದು ಹೋದಳು. ಹನ್ನೊಂದು ವರ್ಷದಿಂದ ನಮ್ಮ ಮನೆಯಲ್ಲಿ ಯಾರೂ ಆ ಮಗುವಿನ ಹೆಸರು ಎತ್ತುತ್ತಿರಲಿಲ್ಲ. ಅಕ್ಕನ ಎದುರು ನಾವು ಸಂಪು ಎಂಬ ಮಾತನ್ನೂ ಆಡುತ್ತಿರಲಿಲ್ಲ. "ಕೆಳಗಿನ ನೀರು" ಎನ್ನುತ್ತಿದ್ದೆವು.

ಫೋನು ಬಂದ ತಕ್ಷಣ ಅವಳು ಸಿಮೆಂಟು ಮೆತ್ತಿದ ಸೀರೆಯಲ್ಲೇ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಬಂದಿದ್ದಳು. ನನ್ನ ಕೈ ಕಟ್ಟಿದ್ದನ್ನು ಕಂಡು ಮೊದಲು ಸೆಕ್ಯುರಿಟಿಯವನ ಮೇಲೆ ಹರಿಹಾಯ್ದಳು.

"ದನಾ ಕಟ್ಟಿದಂಗ ಕಟ್ಟೀರಲ್ಲೋ. ನನ್ನ ತಂಗಿ ಏನು ಕಳ್ಳತನ ಮಾಡ್ಯಾಳ?"

"ಬಿಚ್ಚಬೇಡಿ ಅಮ್ಮಾ, ಹೊಡೀತಾರೆ."

"ಹೊಡೀಲಿ. ನನ್ನ ಹೊಡೀತಾಳ, ನಿನಗೇನು?"

ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ನನ್ನ ಮುಖ ಎರಡೂ ಕೈಯಲ್ಲಿ ಹಿಡಿದು "ಗಂಗೀ, ನಾ ಬಂದೀನಿ ನೋಡು" ಎಂದಳು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆ ಇಡೀ ಬೆಳಗಿನ ಚೂರುಗಳ ನಡುವೆ ಈ ಒಂದು ನಿಮಿಷ ಮಾತ್ರ ಗಾಜಿನ ಹಾಗೆ ತಿಳಿಯಾಗಿ ಉಳಿದಿದೆ. ಅವಳ ಅಂಗೈಯ ಒರಟು, ಸಿಮೆಂಟಿನ ವಾಸನೆ. ನನಗೆ ಅವಳು ಯಾರೆಂದು ಗೊತ್ತಿತ್ತು. ಅವಳ ಜಡೆಯನ್ನು ಮುಷ್ಟಿಯಲ್ಲಿ ಹಿಡಿದು ಮುಖ ಹತ್ತಿರ ಎಳೆದುಕೊಂಡೆ.

"ಮುಟ್ಟಬ್ಯಾಡ ನನ್ನ. ಮಲ್ಲೀನ ನೀನ ಕೊಂದಿ. ಸಂಪಿಗೆ ನೀನ ನೂಕಿದಿ. ಈಗ ನನ್ನ ಕೊಲ್ಲಾಕ ಬಂದಿ."

ಅಕ್ಕನ ಕೂದಲು ಇನ್ನೂ ನನ್ನ ಮುಷ್ಟಿಯಲ್ಲಿತ್ತು. ಅವಳು ಹೊಡೆದಳು. ಇಪ್ಪತ್ತು ವರ್ಷ ಇಟ್ಟಿಗೆ ಹೊತ್ತ ಕೈ ಅದು. ಕಿವಿಯಲ್ಲಿ ಗುಂಯ್ ಎಂದಿತು, ನಾಲಿಗೆ ಹಲ್ಲಿಗೆ ಸಿಕ್ಕಿತು. ನನ್ನ ಕೈ ಸಡಿಲವಾಗಿ, ತಲೆ ಒಂದು ಕಡೆ ವಾಲಿತು. ಕಣ್ಣು ತೆರೆದೇ ಇತ್ತಂತೆ, ಆದರೆ ನೋಟ ಇರಲಿಲ್ಲವಂತೆ. ಅಕ್ಕ ನನ್ನ ಭುಜ ಅಲುಗಿಸಿದಳು, ಇನ್ನೊಮ್ಮೆ ಅಲುಗಿಸಿದಳು. ಆಮೇಲೆ ತನ್ನ ಕೈ ನೋಡಿಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಕಚ್ಚಿಸಿಕೊಂಡ ಕೈಗೆ ಪಟ್ಟಿ ಕಟ್ಟಿಕೊಂಡು ವಾಪಸ್ ಬಂದಿದ್ದ ಶೋಭಾ ನನ್ನ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಮೇಲಿನ ಅಂಕಿ ಅರವತ್ತು, ಕೆಳಗಿನದು ಸಿಗಲಿಲ್ಲ. ಬೆರಳು ಚುಚ್ಚಿ ಸಕ್ಕರೆ ನೋಡಿದರು, ಅದೂ ನೆಲ ಹಿಡಿದಿತ್ತು. ಬೆಳಿಗ್ಗೆ ತೆಗೆದಿದ್ದ ರಕ್ತದ ವರದಿ ಅಷ್ಟರಲ್ಲಿ ಬಂದಿತ್ತು. ರಕ್ತದಲ್ಲಿ ಉಪ್ಪಿನ ಅಂಶ ತೀರಾ ಕೆಳಗೆ. ಡ್ಯೂಟಿ ಡಾಕ್ಟರಿಗೆ ಅವರು ಕಾಯಲಿಲ್ಲ. ಫೋನು ತೆಗೆದು ನೇರ ಹಿರಿಯ ಫಿಸಿಶಿಯನ್‌ಗೆ ಮಾಡಿದರು.

"ಮೇಡಂ, ನೀವೇ ಬರ್ಬೇಕು. ಡ್ರಾಮಾ ಅಲ್ಲ ಇದು. ಬಿಪಿ ಇಲ್ಲ, ಶುಗರ್ ಇಲ್ಲ, ಸೋಡಿಯಂ ಇಲ್ಲ. ಎರಡು ದಿನದಿಂದ ಬೆನ್ನು ನೋವು ಅಂತಿದ್ರು, ಯಾರೂ ಕೇಳಿಲ್ಲ."

ಚಿಂತಾಮಣಿಯ ಕಡೆಯ, ಇಪ್ಪತ್ತಾರು ವರ್ಷದ ಆ ಹುಡುಗಿ, ಯಾವ ಬಾಯಿ ತನ್ನ ಕೈ ಹರಿದಿತ್ತೋ ಆ ಬಾಯಿಯ ಪರವಾಗಿ ಮಾತಾಡಿದಳು. ನಾನು ಬದುಕಿರುವುದು ಆ ಫೋನಿನಿಂದ.

ಐಸಿಯುಗೆ ಹಾಕಿದರು. ಗ್ಲೂಕೋಸು, ಉಪ್ಪುನೀರು ಎರಡೂ ಕೈಗೆ. ಹೊಟ್ಟೆಯ ಸ್ಕ್ಯಾನಿನಲ್ಲಿ ಗೊತ್ತಾಯಿತು. ಎರಡೂ ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಸಣ್ಣ ಗ್ರಂಥಿ ಇರುತ್ತದಂತೆ, ಅಡ್ರಿನಲ್ ಎಂದು. ನನ್ನ ಎರಡೂ ಗ್ರಂಥಿಗಳ ಒಳಗೆ ರಕ್ತ ಸುರಿದು ಅವು ಊದಿ ಒಡೆದಿದ್ದವು. ಅವುಗಳಿಂದ ಬರಬೇಕಾದ ರಸ ನಿಂತರೆ ಬಿಪಿ, ಸಕ್ಕರೆ, ಉಪ್ಪು, ಬುದ್ಧಿ ಎಲ್ಲ ಒಟ್ಟಿಗೆ ಕೈಬಿಡುತ್ತವೆ ಎಂದು ಫಿಸಿಶಿಯನ್ ಮೇಡಂ ಈರಣ್ಣನಿಗೆ ಒಂದು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಯಾಕೆ ಹೀಗಾಯಿತು ಎಂದು ಕೇಳಿದ್ದಕ್ಕೆ, "ಹೊಟ್ಟೆಯ ಸೋಂಕಿನಿಂದ ಇರಬಹುದು, ರಕ್ತ ತೆಳುವಾಗೋ ಇಂಜೆಕ್ಷನ್ನಿಂದ ಇರಬಹುದು, ಎರಡೂ ಸೇರಿರಬಹುದು. ಖಂಡಿತವಾಗಿ ಹೇಳಕ್ಕಾಗಲ್ಲ" ಎಂದರು. ಸ್ಕ್ಯಾನಿಗೆ ಒಯ್ಯುವ ಮೊದಲೇ, ಅನುಮಾನದ ಮೇಲೇ, ಆ ರಸದ ಬದಲಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿದ್ದರು.

ಸೂರ್ಯ ಮುಳುಗುವ ಹೊತ್ತಿಗೆ ನಾನು ಕಣ್ಣು ಬಿಟ್ಟು, "ಉಪ್ಪಿನಕಾಯಿ ಐತೇನ್ರಿ?" ಎಂದು ಕೇಳಿದೆ. ಈರಣ್ಣ ಊದಿದ ತುಟಿಯಲ್ಲೇ ನಗಲು ಹೋಗಿ ನೋವಾಗಿ ಅತ್ತರು. ನನಗೆ ಅವರ ತುಟಿ ಕಂಡಿತು, ಎದೆಯ ಮೇಲೆ ಕೈ ಇಟ್ಟುಕೊಂಡದ್ದು ಕಂಡಿತು. ಯಾರು ಹೊಡೆದರು ಎಂದು ಕೇಳಿದೆ. "ಬಿಡು, ಹೇಳ್ತೀನಿ" ಎಂದರು.

ಮರುದಿನ ಅಕ್ಕನನ್ನು ಒಳಗೆ ಬಿಟ್ಟರು. ಅವಳು ಹಾಸಿಗೆಯಿಂದ ಎರಡು ಹೆಜ್ಜೆ ದೂರ, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು ನಿಂತಳು.

"ನಿನ್ನಿದು ಏನರ ನೆನಪೈತೇನು?" ಎಂದು ಕೇಳಿದಳು.

"ಇಲ್ಲಕ್ಕ. ಏನೂ ಇಲ್ಲ."

"ಚಲೋ ಆತು."

ಸುಳ್ಳು ಹೇಳಿದೆ. ಅವಳ ಮೇಲಿನ ಕನಿಕರಕ್ಕೆ ಎಂದು ಆಗ ಅಂದುಕೊಂಡೆ. ನಿಜವೆಂದರೆ ಹೆದರಿದ್ದೆ. ಅದು ರೋಗದ ಮಾತು, ನಿಮ್ಮದಲ್ಲ ಎಂದು ಮೇಡಂ ಮತ್ತೆ ಮತ್ತೆ ಹೇಳಿದರು. ನರ್ಸನ್ನು ಕಚ್ಚಿದ್ದು ರೋಗ. ಗಂಡನಿಗೆ ಒದ್ದದ್ದು ರೋಗ. ಆದರೆ ಮಲ್ಲಿ ಸತ್ತ ದಿನ, ಅವಳನ್ನು ಬಟ್ಟೆಯಲ್ಲಿ ಸುತ್ತಿ ತಂದಾಗ, "ಮಗುವನ್ನು ನೋಡಿಕೊಳ್ಳಲು ಆಗಲಿಲ್ಲವೇ ಇವಳಿಗೆ" ಎಂದು ನನ್ನ ಮನಸ್ಸಿನಲ್ಲಿ ಒಂದು ಕ್ಷಣ ಹಾದುಹೋದದ್ದು ನನಗೆ ಗೊತ್ತು. ರೋಗ ಅದನ್ನು ಹೊಸದಾಗಿ ಹುಟ್ಟಿಸಲಿಲ್ಲ. ಬಾಗಿಲು ಒಡೆದು ಹೊರಗೆಳೆಯಿತು.

ಹದಿನೇಳು ದಿನಕ್ಕೆ ಮನೆಗೆ ಬಂದೆ. ಒಡೆದ ಗ್ರಂಥಿಗಳು ಮತ್ತೆ ಕೆಲಸ ಶುರುಮಾಡಲಿಲ್ಲ. ಹಾಗಾಗಿ ದಿನಕ್ಕೆ ಮೂರು ಸಲ ಮಾತ್ರೆ, ಬದುಕಿರುವವರೆಗೂ. ಜ್ವರ ಬಂದರೆ ಎರಡರಷ್ಟು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತೊಡೆಗೆ ಇಂಜೆಕ್ಷನ್, ಅದೂ ತಡಮಾಡದೆ. ಆ ಇಂಜೆಕ್ಷನ್ ಯಾವಾಗಲೂ ಜೊತೆಗಿರಬೇಕು, ಮನೆಯವರೆಲ್ಲ ಕೊಡಲು ಕಲಿತಿರಬೇಕು. ಮನೆಗೆ ಕಳಿಸುವ ಮೊದಲೇ ಶೋಭಾ ಮೂಸಂಬಿ ಹಣ್ಣಿಗೆ ಚುಚ್ಚಿಸಿ ಕಲಿಸಿದರು. ಈರಣ್ಣ ಕಲಿತರು, ಮಗಳು ಕಲಿತಳು. ಅಕ್ಕನಿಗೆ ಸಿರಿಂಜು ಕೊಡಲು ಹೋದಾಗ ಅವಳು ಹಿಂದೆ ಸರಿದಳು.

"ನಾ ಒಲ್ಲೆ. ಈ ಕೈಲೆ ನಾ ಆಕಿನ್ನ ಇನ್ನ ಮುಟ್ಟಂಗಿಲ್ಲ."

ಶೋಭಾ ಅವಳನ್ನು ಬಿಡಲಿಲ್ಲ. "ನೋಡಾದ್ರೂ ನೋಡ್ಕೊಳಿ ಅಮ್ಮ" ಎಂದು ಪಕ್ಕದಲ್ಲೇ ಕೂರಿಸಿಕೊಂಡು ಮೂರು ಸಲ ಮಾಡಿ ತೋರಿಸಿದರು. ಅವರ ಹೆಬ್ಬೆರಳಿನ ಬುಡದಲ್ಲಿ ನನ್ನ ಹಲ್ಲುಗಳ ಅರ್ಧಚಂದ್ರ ಕೆಂಪಗೆ ಕಾಣುತ್ತಿತ್ತು. ನಾನು ಕ್ಷಮೆ ಕೇಳಲು ಬಾಯಿ ತೆರೆದರೆ, "ಅಕ್ಕಾ, ನಿಮ್ ಹಲ್ಲು ಮಾತ್ರ ಸಕ್ಕತ್ ಸ್ಟ್ರಾಂಗು" ಎಂದು ನಕ್ಕುಬಿಟ್ಟರು.

ಅಕ್ಕ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಕರೆದರೆ ಕೆಲಸ ಎನ್ನುತ್ತಿದ್ದಳು. ಇಳಿದುಹೋಗಿದ್ದಳು. ಮೂರು ತಿಂಗಳ ನಂತರ, ಆಸ್ಪತ್ರೆಗೆ ತಪಾಸಣೆಗೆ ಹೋಗುವಾಗ ಜೊತೆಗೆ ಯಾರೂ ಇಲ್ಲ ಎಂದು ಹಟ ಹಿಡಿದು ಅವಳನ್ನು ಕರೆದುಕೊಂಡು ಹೋದೆ. ಎರಡು ಗಂಟೆ ಬೆಂಚಿನ ಮೇಲೆ ಕೂತೆವು. ಮೇಡಂ ನನ್ನನ್ನು ನೋಡಿ ಮುಗಿಸಿ ಚೀಟಿ ಬರೆಯುತ್ತಿದ್ದಾಗ ಅವಳು ಇದ್ದಕ್ಕಿದ್ದಂತೆ ಮುಂದೆ ಬಂದಳು.

"ಡಾಕ್ಟ್ರ, ಆಕಿ ಕೆನ್ನಿಗೆ ನಾ ಹೊಡದಿದ್ದೆ. ಅದಕ್ಕ ಒಡೀತೇನ್ರಿ, ಒಳಗಿಂದು?"

ಮೇಡಂ ಪೆನ್ನು ಕೆಳಗಿಟ್ಟರು. "ಇಲ್ಲಮ್ಮ. ಅದು ಒಡೆದಿದ್ದು ಹಿಂದಿನ ದಿನ ಬೆಳಿಗ್ಗೆ, ಬೆನ್ನು ನೋವು ಶುರುವಾದಾಗ. ನೀವು ಹೊಡೆದಿದ್ದು ಕೆನ್ನೆಗೆ. ಗ್ರಂಥಿ ಇರೋದು ಇಲ್ಲಿ, ಒಳಗೆ, ಬೆನ್ನ ಹತ್ರ."

"ನಾ ಹೊಡದ ಮ್ಯಾಲ ಆಕಿ ಬಿದ್ಲರಿ."

"ನೀವು ಹೊಡೀದೆ ಇದ್ರೂ ಅದೇ ಹೊತ್ತಿಗೆ ಬೀಳ್ತಿದ್ರು."

ಮೂರು ತಿಂಗಳು ಅವಳು ಇದನ್ನು ಹೊತ್ತು ಇಟ್ಟಿಗೆ ಹೊತ್ತಿದ್ದಳು. ಹೊರಗೆ ಬಂದು ಆಸ್ಪತ್ರೆಯ ನಲ್ಲಿಯಲ್ಲಿ ಮುಖ ತೊಳೆದುಕೊಂಡಳು. "ಸಮಾಧಾನಕ್ಕ ಹೇಳ್ಯಾರ" ಎಂದಷ್ಟೇ ಅಂದಳು. ಆಗಲೇ ನಾನು ನಿಜ ಹೇಳಬೇಕಿತ್ತು. ಆಗಲಿಲ್ಲ.

ಆಮೇಲೆ ಒಂದು ಭಾನುವಾರ ಕಾಡುಗೋಡಿಗೆ ಅವಳ ರೂಮಿಗೆ ಹೋಗಿದ್ದೆ. ಹಿಂದಿನ ದಿನ ಹೊರಗೆ ತಿಂದದ್ದು ಸರಿಯಿರಲಿಲ್ಲವೋ ಏನೋ, ಊಟವಾದ ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು. ಮಾತ್ರೆ ನುಂಗಿದೆ, ಬಂತು. ಇನ್ನೊಂದು ನುಂಗಿದೆ, ಅದೂ ಬಂತು. ಅರ್ಧ ಗಂಟೆಯಲ್ಲಿ ಕೈಕಾಲು ತಣ್ಣಗಾದವು, ರೂಮಿನ ಗೋಡೆ ಹತ್ತಿರ ಹತ್ತಿರ ಬರತೊಡಗಿತು. ಬೆನ್ನಿನ ಮೂಳೆಯಿಂದ ಆ ಹಳೆಯ ಸಿಟ್ಟು ಮೇಲೇರುವುದು ನನಗೇ ಗೊತ್ತಾಯಿತು. ಸಾಯುವ ಭಯಕ್ಕಿಂತ, ಬಾಯಿಂದ ಮತ್ತೆ ಏನು ಬರುತ್ತದೋ ಎಂಬ ಭಯ ದೊಡ್ಡದಿತ್ತು. ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಅಕ್ಕ ಈರಣ್ಣನಿಗೆ ಫೋನು ಮಾಡಿದಳು. ಅವರು ಕೆಲಸದ ಮೇಲಿದ್ದರು, ಊರಿನ ಇನ್ನೊಂದು ತುದಿಯಲ್ಲಿ. "ನೀನ ಕೊಡಬೇಕು ಅಕ್ಕ, ಬ್ಯಾಗಿನಾಗ ಐತಿ. ನಾ ಬರೂತನಕ ತಡಿಯೂದಿಲ್ಲ" ಎಂದರು.

ಅವಳು ಬ್ಯಾಗು ನೆಲಕ್ಕೆ ಸುರಿದಳು. ಶೋಭಾ ತೋರಿಸಿದ ಹಾಗೇ ಪುಟ್ಟ ಸೀಸೆಯ ಪುಡಿಗೆ ನೀರು ಬೆರೆಸಿ ಅಲುಗಿಸಿದಳು. ಸಿರಿಂಜಿಗೆ ಎಳೆದುಕೊಂಡಳು, ಗಾಳಿ ಹೊರಗೆ ಬಿಟ್ಟಳು. ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ನನಗೆ ಬುದ್ಧಿ ತಪ್ಪತೊಡಗಿತ್ತು. ಸೂಜಿ ಕಂಡು ಒದ್ದೆ. ಅವಳ ಮೊಣಕಾಲಿಗೆ ಬಿತ್ತು, ಮತ್ತೆ ಒದ್ದೆ. ಅವಳು ನನ್ನ ಕಾಲುಗಳ ಮೇಲೆ ಇಡೀ ಮೈಭಾರ ಹಾಕಿ ಕೂತಳು, ಒಂದು ಮೊಣಕೈಯಿಂದ ನನ್ನ ಎದೆ ಅದುಮಿದಳು. ನಾನು ಅವಳ ಬೆನ್ನಿಗೆ ಗುದ್ದುತ್ತಿದ್ದೆ.

"ಹೊಡಿ. ಎಷ್ಟ ಹೊಡೀತಿ ಹೊಡಿ" ಎನ್ನುತ್ತ ಸೀರೆಯ ಮೇಲಿಂದಲೇ ಸೂಜಿಯನ್ನು ತೊಡೆಗೆ ಚುಚ್ಚಿದಳು. ಮೊಳೆ ಹೊಡೆದ ಹಾಗೆ.

ಅಕ್ಕಪಕ್ಕದ ರೂಮಿನವರು ಆಟೋ ತಂದರು. ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ಪು ಹಾಕಿದರು. ಸರಿಯಾದ ಹೊತ್ತಿಗೆ ಕೊಟ್ಟಿದ್ದೀರಿ ಎಂದು ಅಲ್ಲಿನ ಡಾಕ್ಟರು ಅಕ್ಕನಿಗೆ ಹೇಳಿದರು. ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ತಲೆ ತಿಳಿಯಾಯಿತು. ಅಕ್ಕ ಸ್ಟೂಲಿನ ಮೇಲೆ ಕೂತು ತನ್ನ ಮೊಣಕಾಲು ಉಜ್ಜಿಕೊಳ್ಳುತ್ತಿದ್ದಳು.

"ಅಕ್ಕ, ಅವತ್ತು ನಾ ಅಂದದ್ದು ನನಗ ನೆನಪೈತಿ" ಎಂದೆ.

"ಗೊತ್ತೈತಿ."

"ಹೆಂಗ ಗೊತ್ತು?"

"ನೀ ಸಣ್ಣಾಕಿದ್ದಾಗಿಂದ ಸುಳ್ಳು ಹೇಳೂಮುಂದ ನನ್ನ ಕಾಲು ನೋಡ್ತಿ." ಸ್ಟೂಲನ್ನು ಹಾಸಿಗೆಗೆ ಹತ್ತಿರ ಎಳೆದುಕೊಂಡಳು. "ಎಲ್ಲಾರೂ ಅಂದಾರ, ಗಂಗಿ. ಮನಸಿನಾಗ. ಆಕಿ ಅಪ್ಪ ಬಿಟ್ಟು ಹ್ವಾದದ್ದೂ ಅದಕ್ಕ. ಬಾಯಿಲೆ ಅಂದಾಕಿ ನೀ ಒಬ್ಬಾಕಿ. ಹೊಡದೆ. ಆದ್ರ ಹನ್ನೊಂದು ವರ್ಷದ ಮ್ಯಾಲ ಯಾರೋ ಮಲ್ಲಿ ಅಂತ ಅಂದ್ರಲ್ಲ ಅಂತ, ಅವತ್ತ ಐಸಿಯು ಮುಂದ ಕುಂತು ಅದನ್ನ ನೆನಸಾಕತ್ತಿದ್ದೆ."

ಕ್ಷಮಿಸು ಎಂಬುದು ತೀರಾ ಸಣ್ಣ ಮಾತಾಗಿತ್ತು.

"ಏನಾತಕ್ಕ, ಅವತ್ತು?" ಎಂದು ಕೇಳಿದೆ. ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಅವಳು ಡ್ರಿಪ್ಪಿನ ಹನಿ ನೋಡುತ್ತ ಹೇಳಿದಳು. ಮಲ್ಲಿ ಹಳದಿ ಲಂಗ ಹಾಕಿಕೊಂಡಿದ್ದಳು. ಮರಳಿನ ರಾಶಿಯ ಮೇಲೆ ಕೂರಿಸಿ, ಕೈಗೆ ರೊಟ್ಟಿ ಬೆಲ್ಲ ಕೊಟ್ಟು, ಅಲುಗಾಡಬೇಡ ಎಂದು ಹೇಳಿ ಎರಡನೆಯ ಮಹಡಿಗೆ ಇಟ್ಟಿಗೆ ಹೊತ್ತಿದ್ದಳು. ಆ ಬೆಳಿಗ್ಗೆ ಸಂಪಿನ ಮೇಲೆ ಹಲಗೆ ಇತ್ತು. ತಾರಸಿ ಹಾಕುವ ಸೆಂಟ್ರಿಂಗಿಗೆ ಬೇಕೆಂದು ಯಾರೋ ಅದನ್ನು ತೆಗೆದಿದ್ದರು, ಅವಳಿಗೆ ಯಾರೂ ಹೇಳಿರಲಿಲ್ಲ. ಮೇಲಿನಿಂದ ಎರಡು ಸಲ ಬಗ್ಗಿ ನೋಡಿದಳು, ಹಳದಿ ಕಂಡಿತ್ತು. ಮೂರನೆಯ ಸಲ ಕಾಣಲಿಲ್ಲ. ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿತ್ತು, ಕೂಗಿದರೆ ಕೇಳಿಸುವಂತಿರಲಿಲ್ಲ. ಇಷ್ಟನ್ನೂ ಅವಳು ಅಳದೆ, ನಿಧಾನವಾಗಿ, ಒಂದೂ ಬಿಡದೆ ಹೇಳಿದಳು. ನಾನು ಅವಳ ಕೈ ಹಿಡಿದಿದ್ದೆ; ಅವಳು ಬಿಡಿಸಿಕೊಳ್ಳಲಿಲ್ಲ.

ಬಾಟಲಿ ಖಾಲಿಯಾದ ಮೇಲೆ ನರ್ಸು ಬಂದು ಸೂಜಿ ತೆಗೆದರು. ಎದ್ದು ನಿಲ್ಲಲು ಹೋದಾಗ ತೊಡೆ ಜುಮ್ಮೆಂದಿತು. ಅಲ್ಲಿ ಅಂಗೈಯಗಲ ನೀಲಿಗಟ್ಟಿತ್ತು. ಅಕ್ಕ ನೋಡಿದಳು.

"ಭಾಳ ನೂಸಾಕತ್ತೈತೇನು?"

"ಭಾಳ."

"ನನ್ನ ಮಣಕಾಲೂ" ಎಂದಳು. ಇಬ್ಬರೂ ಕುಂಟುತ್ತ, ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು, ಅಷ್ಟರಲ್ಲಿ ಬಂದು ಸೇರಿದ್ದ ಈರಣ್ಣ ಕಾಯುತ್ತಿದ್ದ ಬಾಗಿಲ ಕಡೆಗೆ ನಡೆದೆವು.